ಗೋದಾಮಿನ ನಲವತ್ತು ಖಾಲಿ ಕುರ್ಚಿಗಳು

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಉಣ್ಣುವ ಕಾಳು ಸೊಪ್ಪಿನ ಭಜ್ಜಿಯ ವಾಸನೆ ಬೇರೆ, ಮರುದಿನ ಡಬ್ಬಿಯಿಂದ ಏಳುವ ಅದೇ ಭಜ್ಜಿಯ ವಾಸನೆ ಬೇರೆ. ಹೊಲದಲ್ಲಿ ಹಸಿ ಅವರೆ, ತೊಗರಿ, ಕಡಲೆ, ಮೆಂತೆಸೊಪ್ಪು ಒಂದೊಂದೂ ಪ್ರತ್ಯೇಕವಾಗಿ ಮೂಗಿಗೆ ತಾಕುತ್ತವೆ. ಒಂದು ರಾತ್ರಿ ಕಳೆದರೆ ಹುಣಸೆಹುಳಿ ಎಲ್ಲವನ್ನೂ ತನ್ನೊಳಗೆ ಎಳೆದುಕೊಂಡು ಒಂದೇ ಪದಾರ್ಥ ಮಾಡಿಬಿಡುತ್ತದೆ. ಈ ಸಲ ಅಮಾವಾಸ್ಯೆಯ ಮರುದಿನ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಕಮಲಾಪುರದ ಬಸ್ಸು ಹತ್ತಿ ಕೂತಿದ್ದೆ. ಮುಂದಿನ ಸೀಟಿನಲ್ಲಿ ತಿಳಿನೀಲಿ ಅಂಗಿ ತೊಟ್ಟ ಇಬ್ಬರು ಹುಡುಗಿಯರು, ಮಧ್ಯಾಹ್ನದ ಪಾಳಿಗೆ ಹೊರಟವರು, ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆಗೆ ನನ್ನ ಮನಸ್ಸು ನಾಲ್ಕು ವರ್ಷ ಹಿಂದಕ್ಕೆ ಹೋಯಿತು.

ಹಿಂದಿನ ಸೀಟಿನಲ್ಲಿ ಒಬ್ಬ ತರುಣ ತನ್ನ ಪಕ್ಕದವನಿಗೆ ಆ ಹುಡುಗಿಯರ ಕಂಪನಿ ಕಮಲಾಪುರಕ್ಕೆ ಬಂದ ಕಥೆ ಹೇಳುತ್ತಿದ್ದ. ಮಂತ್ರಿಯೊಬ್ಬರು ಹೊರದೇಶಕ್ಕೆ ಹೋಗುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ದಿದ್ದರಂತೆ. ಅಲ್ಲಿಯ ಸಾಹೇಬರು ತಿಂದು ಬೆರಗಾದರಂತೆ. "ಹಣ್ಣು ತಿಂದ ಕೈ ತೊಳಕೊಳ್ಳದ ಸಹಿ ಮಾಡಿಬಿಟ್ರಂತ ನೋಡು," ಎಂದು ಅವನು ಮುಗಿಸಿದ. ಪಕ್ಕದವನು ಹೌದೇನು ಎಂದ. ಈ ಕಂಪನಿ ಬಂದದ್ದಕ್ಕೆ ಕಲಬುರಗಿಯಲ್ಲಿ ನಾನು ಕೇಳಿದ ಐದನೆಯ ಕಾರಣವಿದು. ಐದೂ ಸುಳ್ಳು. ಕಮಲಾಪುರಕ್ಕೆ ಆ ಕಂಪನಿ ಬಂದ ಚಳಿಗಾಲದಲ್ಲಿ ನಾನು ಅದರ ನಡುವೆಯೇ ಇದ್ದೆ. ಅದು ಬಾರದೆ ಹೋಗುವುದಕ್ಕೆ ಕಾರಣನಾಗಲಿದ್ದವನೂ ನಾನೇ.

ನಾನು ನಾಲ್ಕನೆಯ ಇಯತ್ತೆಯವರೆಗೆ ಶಾಲೆಗೆ ಹೋದವನು. ಉಳಿದದ್ದನ್ನು ಯಂತ್ರಗಳ ಜೊತೆ ಬರುವ ಇಂಗ್ಲಿಷ್ ಕೈಪಿಡಿಗಳಿಂದ, ಹರಿದ ಒಂದು ನಿಘಂಟಿನ ಸಹಾಯದಿಂದ ಕಲಿತೆ. ಕಲಬುರಗಿಯಲ್ಲಿ ಕೋಟನೂರಿನ ಕಡೆಯ ಒಂದು ಬೇಳೆ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಮಿಸ್ತ್ರಿಯಾಗಿದ್ದೆ. ಕೈಪಿಡಿಯಲ್ಲಿ ಬರೆದದ್ದು ಒಂದು, ಯಂತ್ರ ಬಿಚ್ಚಿದಾಗ ಒಳಗೆ ಕಾಣುವುದು ಇನ್ನೊಂದು. ಇದನ್ನು ಅಷ್ಟು ವರ್ಷ ನೋಡಿದ್ದರಿಂದ, ಬಿಚ್ಚಿ ನೋಡದ ಯಾವುದನ್ನೂ ನಂಬದ ಸ್ವಭಾವ ನನ್ನಲ್ಲಿ ಬೇರೂರಿತು. ಪಂಚಾಂಗವನ್ನೂ ನಾನು ನಂಬಲಿಲ್ಲ. ತಿಥಿ ನಕ್ಷತ್ರಗಳನ್ನು ಮುದ್ರಿಸಿದ ಕ್ಯಾಲೆಂಡರನ್ನು ಮನೆಯ ಗೋಡೆಗೆ ತೂಗುಹಾಕಲು ಬಿಟ್ಟವನಲ್ಲ.

ಆ ಗಿರಣಿಗೆ ನಮ್ಮೂರು ಕಮಲಾಪುರದಿಂದ ದಿನವೂ ಮೊದಲ ಬಸ್ಸಿಗೆ ಹೆಂಗಸರ ಒಂದು ತಂಡ ಬರುತ್ತಿತ್ತು. ಸಾಲಾಗಿ ಕೂತು ಬೇಳೆ ಹಸನು ಮಾಡುವುದು ಅವರ ಕೆಲಸ. ಅವರ ಕೈಯನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಒಳ್ಳೆಯ ಕಾಳನ್ನು ಅವರು ನೋಡುವುದೇ ಇಲ್ಲ. ಮೊರದ ಮೇಲೆ ಹರಡಿದ ಹಳದಿಯಲ್ಲಿ ಎಲ್ಲಿ ಕಪ್ಪು, ಎಲ್ಲಿ ಹರಳು, ಎಲ್ಲಿ ಸಿಪ್ಪೆ ಉಳಿದ ಕಾಳು, ಅಷ್ಟನ್ನೇ ಕಣ್ಣು ಹಿಡಿಯುತ್ತದೆ, ಎರಡೂ ಕೈ ಒಟ್ಟಿಗೆ ಹೋಗುತ್ತವೆ, ಬಾಯಿ ಮಾತ್ರ ಬೇರೆ ಯಾವುದೋ ಮಾತಿನಲ್ಲಿರುತ್ತದೆ. ನನ್ನ ಸೊಸೆ ಮಹಾದೇವಿ ಆ ಸಾಲಿನಲ್ಲಿ ಒಂಬತ್ತು ವರ್ಷ ಕೂತಳು.

ನನ್ನ ನಿವೃತ್ತಿಯ ವರ್ಷ ಗಿರಣಿಯ ಮಾಲಕರು ಬಣ್ಣ ನೋಡಿ ಬೇಳೆ ಬೇರ್ಪಡಿಸುವ ಯಂತ್ರ ತರಿಸಿದರು. ದಸರೆಯ ಹೊತ್ತಿಗೆ ಅದು ಬಂತು. ಜೋಡಿಸಲು ಬರಬೇಕಾಗಿದ್ದ ಎಂಜಿನಿಯರನಿಗಾಗಿ ನಾನು ಕಾಯಲಿಲ್ಲ. ಕೈಪಿಡಿ ಓದಿ ನಾಲ್ಕು ದಿನದಲ್ಲಿ ನಾನೇ ಜೋಡಿಸಿದೆ. ಮೊದಲ ಬಾರಿ ಅದು ಉಸಿರು ಊದಿ ಊದಿ ಕಪ್ಪು ಕಾಳುಗಳನ್ನು ಬೇರೆ ಮಾಡಿದಾಗ ಮಾಲಕರು ನನ್ನ ಕೊರಳಿಗೆ ಹಾರ ಹಾಕಿದರು. ದೀಪಾವಳಿ ಮುಗಿದ ಮೇಲೆ ಹೆಂಗಸರ ಸಾಲಿಗೆ ಬರಬೇಡಿರೆಂದು ಹೇಳಿ ಕಳಿಸಿದರು. ಮಹಾದೇವಿ ಮನೆಯಲ್ಲಿ ನನಗೆ ಒಂದು ಮಾತೂ ಅನ್ನಲಿಲ್ಲ. ಎಂದಿನಂತೆ ರೊಟ್ಟಿ ಬಡಿದು ತಾಟು ಇಟ್ಟಳು. ಅಂದಿದ್ದರೆ ಸುಲಭವಾಗುತ್ತಿತ್ತು.

ನನ್ನ ಮಗ ಶಿವಲಿಂಗ ಕಮಲಾಪುರ ಮತ್ತು ಸುತ್ತಲಿನ ಹಳ್ಳಿಗಳ ನಡುವೆ ಟಂಟಂ ಆಟೋ ಓಡಿಸುತ್ತಿದ್ದ. ಒಬ್ಬನ ದುಡಿಮೆಯಲ್ಲಿ ಮನೆ ನಡೆಯುವಂತಿರಲಿಲ್ಲ. ಅವನ ದೊಡ್ಡಪ್ಪನ ಮಗ ಮುಂಬೈಯಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಗಂಡಹೆಂಡತಿ ಇಬ್ಬರಿಗೂ ಕೆಲಸವಿದೆ, ಸಂಕ್ರಮಣ ಮುಗಿದ ಮರುದಿನ ಹೊರಟು ಬನ್ನಿ ಎಂದು ಫೋನು ಮಾಡಿದ. ಮೊಮ್ಮಗಳು ಭಾಗ್ಯಶ್ರೀ ಆಗ ಒಂಬತ್ತನೆಯ ತರಗತಿ. ಅವಳ ಶಾಲೆ ಎಂದು ನಾನು ಬಾಯಿ ತೆರೆದರೆ ಶಿವಲಿಂಗ ನನ್ನ ಮುಖ ನೋಡದೆ, ಶಾಲೆಗಳು ಅಲ್ಲಿಯೂ ಇರುತ್ತವೆ ಎಂದ. ಕಟ್ಟಡ ಏಳುವ ಜಾಗದಲ್ಲಿ ತಗಡಿನ ಕೋಣೆಗಳಿರುತ್ತವೆ, ಶಾಲೆ ಇರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನಮ್ಮ ಓಣಿಯಿಂದ ಹಾಗೆ ಹೋದ ಮನೆಗಳ ಮಕ್ಕಳು ಯಾರೂ ಮರಳಿ ಪುಸ್ತಕ ಹಿಡಿದಿರಲಿಲ್ಲ.

ಹೊರದೇಶದ ಕಂಪನಿ ಕಂಡದ್ದು ಆ ದಿನಗಳಲ್ಲಿ. ಅದರ ಪರವಾಗಿ ಬೆಂಗಳೂರಿನಿಂದ ಒಬ್ಬ ಸಲಹೆಗಾರ ಊರೂರು ತಿರುಗುತ್ತಿದ್ದ. ಆಸ್ಪತ್ರೆಯ ಯಂತ್ರಗಳೊಳಗೆ ಹೋಗುವ ಕೂದಲಿನಷ್ಟು ಸಣ್ಣ ತಂತಿಗಳನ್ನು ಬಣ್ಣದ ಪ್ರಕಾರ ಜೋಡಿಸಿ ಕಟ್ಟುವ ಘಟಕ ಅವರದು. ದೊಡ್ಡ ನಗರಗಳಲ್ಲಿ ಕೆಲಸ ಕಲಿತವರು ಆರು ತಿಂಗಳಿಗೆ ಬಿಟ್ಟು ಹೋಗುತ್ತಾರೆಂದು ಸಣ್ಣ ಊರುಗಳನ್ನು ಹುಡುಕುತ್ತಿದ್ದರು. ಅವರ ಪಟ್ಟಿಯಲ್ಲಿ ನಾಲ್ಕು ಊರುಗಳಿದ್ದವು. ಕಲಬುರಗಿಯ ಅಂಚಿನಲ್ಲಿ ಶರಣಸಿರಸಗಿಯ ಕಡೆಗೆ ಮೊದಲು ನೋಡಿದರಂತೆ. ಅಲ್ಲಿ ರಸ್ತೆ ಬದಿಯ ಹೊಲಗಳೆಲ್ಲ ಲೇಔಟ್ ಆಗಿ ಕಲ್ಲು ನೆಟ್ಟು ನಿಂತಿದ್ದವು. ನಮ್ಮ ಗಿರಣಿ ಮಾಲಕರ ತಮ್ಮನದೊಂದು ಗೋದಾಮು ಕಮಲಾಪುರದ ಹೆದ್ದಾರಿಯ ಮಗ್ಗುಲಲ್ಲಿ ಖಾಲಿ ಬಿದ್ದಿತ್ತು. ಅದರ ಮಾತಿಗೆಂದು ಸಲಹೆಗಾರ ಗಿರಣಿಗೆ ಬಂದಾಗ ನಾನು ಯಂತ್ರದ ಪಟ್ಟಿ ಬಿಗಿ ಮಾಡಲು ಹೋಗಿದ್ದೆ. ಗೋದಾಮು ಸಿಕ್ಕೀತು, ಆದರೆ ಅಂಥ ಸೂಕ್ಷ್ಮ ಕೈಯ ಜನ ಇಲ್ಲಿ ಎಲ್ಲಿ ಸಿಗುತ್ತಾರೆ ಎಂದು ಅವನು ಮಾಲಕರೊಡನೆ ಅನ್ನುವುದು ಕೇಳಿಸಿತು. ನಾನು ಕೈ ಒರೆಸಿಕೊಂಡು ಹೋಗಿ ಹೇಳಿದೆ: "ಜನ ಅದಾರ್ರಿ. ನಲವತ್ತು ಮಂದಿ. ಕಣ್ಣು ಹೆಂಗ ಅವ ಅಂದ್ರ, ಅವರ ಜಾಗಾದಾಗ ಕೂಡಸಾಕ ಒಂದು ಲಾರಿ ಮಿಷಿನ್ ತರಸಬೇಕಾತು."

ಹದಿನೈದು ದಿನ ಕಳೆದ ಮೇಲೆ ಕಂಪನಿಯ ಇಂಗ್ಲಿಷ್ ಪತ್ರ ನನ್ನ ಹೆಸರಿಗೇ ಬಂತು. ಇಂಗ್ರಿಡ್ ಎಂಬ ಹಿರಿಯ ಅಧಿಕಾರಿ ತಾವೇ ಬರುವರು; ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಗೋದಾಮಿನಲ್ಲಿ ನಲವತ್ತು ಹೆಂಗಸರಿಗೆ ಒಂದು ಪರೀಕ್ಷೆ; ಈ ದಿನ ಸರಿಹೋಗದಿದ್ದರೆ ದಯವಿಟ್ಟು ಮುಂಚಿತವಾಗಿ ತಿಳಿಸುವುದು. ಕೊನೆಯ ಆ ಸಾಲನ್ನು ನಾನು ಎರಡು ಸಲ ಓದಿದೆ. ಆ ಗುರುವಾರ ಎಳ್ಳಮಾವಾಸ್ಯೆ.

ನನಗೆ ಅದು ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಅದು ಆರನೆಯ ಸುಳ್ಳಾಗುತ್ತದೆ. ಕ್ಯಾಲೆಂಡರ್ ಇಲ್ಲದ ಮನೆಗೂ ಎಳ್ಳಮಾವಾಸ್ಯೆ ತಿಳಿಯದೆ ಇರದು. ನಮ್ಮ ಸೀಮೆಯಲ್ಲಿ ಆ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಕಲಬುರಗಿಯಂಥ ನಗರವೂ ಕದ ಹಾಕಿಕೊಂಡು ಹೊಲಗಳಿಗೆ ಹೋಗುತ್ತದೆ. ಹೊಲವಿಲ್ಲದವರು ಇದ್ದವರ ಹೊಲಕ್ಕೆ ಹೋಗುತ್ತಾರೆ. ಪೈರಿನ ನಡುವೆ ಐದು ಕಲ್ಲು ಇಟ್ಟು ಪೂಜಿಸಿ, ಅಡಿಗೆಯನ್ನು ಭೂತಾಯಿಯ ಪಾಲೆಂದು ನೆಲಕ್ಕೆ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿ ಉಣಿಸುವ ದಿನ ಅದು. ಸರಕಾರಿ ರಜೆಯ ಪಟ್ಟಿಯಲ್ಲಿ ಅದಿಲ್ಲ. ಬೆಂಗಳೂರಿನ ಸಲಹೆಗಾರನಿಗೆ ತಿಳಿಯುವ ಮಾರ್ಗವೇ ಇರಲಿಲ್ಲ. ತಿಳಿಸಬೇಕಾದವನು ನಾನು. ತಿಳಿಸಲಿಲ್ಲ. ಈ ಭಾಗದ ಜನ ಹಬ್ಬ ಹುಣ್ಣಿಮೆ ಎಂದು ಕೆಲಸ ತಪ್ಪಿಸುತ್ತಾರೆಂಬ ಮಾತನ್ನು ನಾನು ಬಾಲ್ಯದಿಂದ ಕೇಳಿದ್ದೆ, ಅದನ್ನು ಒಂದು ದಿನವೂ ಒಪ್ಪಿರಲಿಲ್ಲ. ಹಬ್ಬವಿದೆ, ದಿನ ಬದಲಿಸಿ ಎಂದು ನಾನೇ ಬರೆದುಕೊಟ್ಟರೆ ಆ ಮಾತಿಗೆ ಸಾಕ್ಷಿ ಹೇಳಿದಂತೆ. ಆ ದಿನವೇ ನಲವತ್ತು ಮಂದಿಯನ್ನು ಕೂಡಿಸಿ ತೋರಿಸಬೇಕೆಂಬ ಹಟ ಹುಟ್ಟಿತು. ದಿನ ಅನುಕೂಲವಿದೆಯೆಂದು ಉತ್ತರ ಬರೆದೆ.

ಹೆಂಗಸರನ್ನು ಗುರುಬಾಯಿಯ ಅಂಗಳಕ್ಕೆ ಕರೆಸಿದೆ. ಗುರುಬಾಯಿ ಆ ತಂಡದಲ್ಲೇ ಹಿರಿಯಳು, ನನಗಿಂತ ಮೂರು ವರ್ಷ ದೊಡ್ಡವಳು. ಪತ್ರದ ಸಾರ ಹೇಳಿ ಮುಗಿಸುತ್ತಲೇ ಅವಳು ಅಂದಳು:

"ಗುರುವಾರ ಅಮಾಸಿ ಅದಲ್ಲ ಮಿಸ್ತ್ರಿ."

"ಗೊತ್ತದ. ಅವರ ದೇಶದಾಗ ಅಮಾಸಿ ಇಲ್ಲ. ಹತ್ತಕ್ಕಂದ್ರ ಹತ್ತಕ್ಕ ಬರ್ರಿ."

ಯಾರೂ ಎದುರು ಮಾತಾಡಲಿಲ್ಲ. ತಂಡದ ಹಲೀಮಾಬೀ ಆಯಿತೆಂದು ತಲೆಯಾಡಿಸಿದಳು. ಉಳಿದವರು ಸೆರಗು ಸರಿಮಾಡಿಕೊಂಡು ಎದ್ದರು. ಹಿರಿಯನ ಮುಖಕ್ಕೆ ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ. ಮಿಸ್ತ್ರಿಯಾದವನು ಸದ್ದಿಲ್ಲದ ಯಂತ್ರವನ್ನು ಹೆಚ್ಚು ಅನುಮಾನದಿಂದ ನೋಡಬೇಕಾಗಿತ್ತು.

ಬುಧವಾರ ಸಂಜೆಯೇ ಕಲಬುರಗಿಗೆ ಹೋಗಿ ಬ್ರಹ್ಮಪುರದಲ್ಲಿ ನನ್ನ ತಮ್ಮನ ಮನೆಯಲ್ಲಿ ಇದ್ದೆ. ಬೆಳಗ್ಗೆ ಅತಿಥಿಗಳನ್ನು ಹೋಟೆಲಿನಿಂದ ಕರೆತರುವುದು ನನ್ನ ಪಾಲಿನ ಕೆಲಸ. ಕಾರು ಹೊರಟಾಗ ಚಳಿ ಇನ್ನೂ ನೆಲ ಬಿಟ್ಟಿರಲಿಲ್ಲ. ಅಂಗಡಿಗಳ ಕದ ಮುಚ್ಚಿದ್ದವು. ಬೀದಿಗಳಲ್ಲಿ ಕಸ ಗುಡಿಸುವವರೂ ಕಾಣಲಿಲ್ಲ. ಊರ ಹೊರಗಿನ ರಸ್ತೆಗಳಲ್ಲಿ ಮಾತ್ರ ಬುಟ್ಟಿ ಹೊತ್ತ ಹೆಂಗಸರು, ಕೋಡಿಗೆ ಬಣ್ಣ ಬಳಿದ ಎತ್ತಿನ ಗಾಡಿಗಳು, ಹತ್ತಾರು ಮಕ್ಕಳನ್ನು ತುಂಬಿಕೊಂಡ ಟ್ರ್ಯಾಕ್ಟರುಗಳು ಹೊಲಗಳ ಕಡೆಗೆ ಹರಿಯುತ್ತಿದ್ದವು. ಸಲಹೆಗಾರ ಕಿಟಕಿಯಿಂದ ನೋಡಿ, "ಏನ್ ಸಾರ್, ಇವತ್ತು ಬಂದ್ ಇದ್ಯಾ?" ಎಂದು ಕೇಳಿದ. ಇಲ್ಲ, ಇವತ್ತು ಸ್ವಲ್ಪ ಜನಸಂಚಾರ ಕಡಿಮೆ ಎಂದೆ. ಇಂಗ್ರಿಡ್ ಬಾಯಿಯವರು, ಬೆಳ್ಳಿಗೂದಲಿನ ಶಾಂತ ಹೆಂಗಸು, ಎರಡೂ ಬದಿಯ ಜೋಳದ ಹೊಲಗಳನ್ನು ನೋಡುತ್ತ ಕೂತಿದ್ದರು.

ಗೋದಾಮಿನೊಳಗೆ ಹಿಂದಿನ ದಿನವೇ ನಲವತ್ತು ಕುರ್ಚಿ ಹಾಕಿಸಿದ್ದೆ. ಹತ್ತು ಗಂಟೆಗೆ ಅವು ಖಾಲಿಯಾಗಿದ್ದವು. ಹತ್ತೂವರೆಗೂ ಖಾಲಿ. ನಾನು ಅತಿಥಿಗಳ ಮುಂದೆ ಕೆಂಪು ಬಾಳೆಹಣ್ಣಿನ ತಟ್ಟೆ ಇಟ್ಟೆ. ಸಲಹೆಗಾರ ಎರಡು ತಿಂದ. ಇಂಗ್ರಿಡ್ ಬಾಯಿಯವರು ಒಂದನ್ನು ಕೈಯಲ್ಲಿ ಹಿಡಿದು ಅದರ ಬಣ್ಣ ನೋಡಿ ಚೀಲದಲ್ಲಿ ಇಟ್ಟುಕೊಂಡರು. ಬಾಳೆಹಣ್ಣಿನ ಪಾತ್ರ ಈ ಕಥೆಯಲ್ಲಿ ಅಷ್ಟೇ. ನಾನು ಬಾಗಿಲಿಗೆ ಹೋಗಿ ಬರುವುದು, ಬಾಗಿಲಿಗೆ ಹೋಗಿ ಬರುವುದು ಮಾಡುತ್ತಿದ್ದೆ. ಶಿವಲಿಂಗನ ಫೋನು ಹತ್ತಲಿಲ್ಲ. ಹನ್ನೊಂದು ದಾಟಿದ ಮೇಲೆ ಸಲಹೆಗಾರ ಎದ್ದು ನಿಂತ. "ಇದಕ್ಕೇ ಸಾರ್, ಈ ಕಡೆಗೆ ಯಾರೂ ಬರಲ್ಲ," ಎಂದ. ಕೋಪದಿಂದ ಹೇಳಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ. ಅವನು ನನ್ನ ಮೇಲೆ ಕನಿಕರವಿಟ್ಟು ಹೇಳಿದ. ಅಮಾವಾಸ್ಯೆಯ ಮಾತನ್ನು ನಾನು ಆಗಲೂ ಹೇಳಲಿಲ್ಲ. ಕಾರು ಕಲಬುರಗಿಯ ದಾರಿ ಹಿಡಿದು ಹೋಯಿತು.

ಕಾರಿನ ಧೂಳು ಇಳಿದು ಹತ್ತು ನಿಮಿಷವಾಗಿರಬಹುದು, ಗೋದಾಮಿನ ಮುಂದೆ ನಮ್ಮ ಓಣಿಯ ಎತ್ತಿನ ಗಾಡಿ ಬಂದು ನಿಂತಿತು. ಕೋಡುಗಳಿಗೆ ಹೊಸ ಬಣ್ಣ, ಕೊರಳಿಗೆ ಗೆಜ್ಜೆ, ಗಾಡಿಯಲ್ಲಿ ಮಡಚಿ ಹಾಸಿದ ಕೌದಿ. ನಡೆಸುತ್ತಿದ್ದವನು ನನ್ನ ಮಗ. ಅವನು ಒಳಗೆ ಹಣಕಿ ನೋಡಿ, "ಎಲ್ಲಿ ಅದಾರ ಅಪ್ಪಾ, ಪಾವ್ಣ್ಯಾರು?" ಎಂದು ಅತಿಥಿಗಳನ್ನು ಹುಡುಕಿದ.

ಹೆಂಗಸರು ನನ್ನ ಬೆನ್ನ ಹಿಂದೆ ತಾವೇ ಒಂದು ತೀರ್ಮಾನ ಮಾಡಿಕೊಂಡಿದ್ದರು. ಅಮಾವಾಸ್ಯೆಯ ದಿನ ಊರಿಗೆ ಬಂದವರನ್ನು ಖಾಲಿ ಗೋದಾಮಿನಲ್ಲಿ ಕೂಡಿಸುವುದು ಅವರ ಪಾಲಿಗೆ ಆಗದ ಮಾತು. ಮೊದಲು ಹೊಲಕ್ಕೆ ಕರೆತಂದು, ಉಣಿಸಿ, ಆಮೇಲೆ ಅಲ್ಲಿಯೇ ಕಂಬಳಿ ಹಾಸಿ ಪರೀಕ್ಷೆ ಕೊಡುವುದೆಂದು ಮಾತಾಗಿತ್ತು. ಅದಕ್ಕಾಗಿ ಗಾಡಿ ಸಿಂಗರಿಸುವುದರಲ್ಲಿ ತಡವಾಯಿತು. ನನಗೆ ಯಾಕೆ ತಿಳಿಸಲಿಲ್ಲವೆಂದು ಶಿವಲಿಂಗನನ್ನು ಕೇಳಿದೆ. ತಿಳಿಸಿದರೆ ಬೇಡ ಅನ್ನುತ್ತೀರೆಂದು ಎಲ್ಲರಿಗೂ ಗೊತ್ತಿತ್ತು ಎಂದ.

ಗಾಡಿ ಹತ್ತದೆ ಹೊಲದವರೆಗೆ ನಡೆದೇ ಹೋದೆ. ಗುರುಬಾಯಿಯ ಹೊಲದಲ್ಲಿ, ಜೋಳದ ದಂಟಿನ ಕೊಂಪೆಯ ಪಕ್ಕ, ನಲವತ್ತು ಮನೆಯವರೂ ಕೂಡಿದ್ದರು. ಸುಣ್ಣ ಬಳಿದ ಐದು ಕಲ್ಲುಗಳ ಮುಂದೆ ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಭಜ್ಜಿಯ ದೊಡ್ಡ ಪಾತ್ರೆ. ಇನ್ನೂ ಯಾರೂ ಉಂಡಿರಲಿಲ್ಲ. ನೆರಳಿನಲ್ಲಿ ಮೂರು ಎಲೆಗಳನ್ನು ಬೇರೆಯಾಗಿ ಹಾಕಿ ಮೇಲೆ ಬಟ್ಟೆ ಮುಚ್ಚಿದ್ದರು. ಇಬ್ಬರು ಅತಿಥಿಗಳಿಗೆ ಎರಡು; ಮೂರನೆಯದು ನನಗೆ. ನಾನು ಕೂಗಾಡಿದೆ. ಕಂಪನಿ ಹೋಯಿತು, ನಿಮ್ಮ ಕೈಯಾರೆ ಕಳಕೊಂಡಿರಿ, ಮುಂಬೈಗೆ ಹೋಗಿ ಮಣ್ಣು ಹೊರಿರಿ ಎಂದೆ. ಮಹಾದೇವಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ಒಂಬತ್ತು ವರ್ಷ, ಆಮೇಲೆ ಆ ಎರಡು ತಿಂಗಳು, ಅವಳು ಅನ್ನದೆ ಇದ್ದದ್ದೆಲ್ಲ ಆ ಮಾತಿನಲ್ಲಿತ್ತು.

"ಮಾಮಾ, ಗುರುವಾರ ಆಗಂಗಿಲ್ಲ, ಶುಕ್ರವಾರ ಇಡ್ರಿ ಅಂತ ಅವತ್ತೇ ಹೇಳ್ತಿದ್ವಿ. ನೀವು ನಮ್ಮನ್ನ ಕೇಳಲಿಲ್ಲ. ನಮಗ ಹೇಳಿ ಹೋದ್ರಿ."

ಗುರುಬಾಯಿ ಕಡುಬಿನ ಬುಟ್ಟಿಯಿಂದ ತಲೆಯೆತ್ತಿ ಮೆಲ್ಲಗೆ ಸೇರಿಸಿದಳು: "ನಿನ್ನ ಮಿಷಿನ್ನು ಅಮಾಸಿ ಹಿಡಿಯಂಗಿಲ್ಲ ಮಿಸ್ತ್ರಿ. ನಾವು ಹಿಡೀತೀವಿ. ಉಣ್ಣಾಕ ಕೂಡ್ರು."

ಕೂತೆ. ಏನು ಉಂಡೆನೆಂಬುದು ನೆನಪಿಲ್ಲ.

ಆಮೇಲಿನ ಒಂದು ವಾರ ಕಲಬುರಗಿಯಲ್ಲಿ ಸುದ್ದಿ ಬೆಳೆದ ರೀತಿಯನ್ನು ನಾನು ಕಣ್ಣಾರೆ ಕಂಡೆ. ಗಿರಣಿಯಲ್ಲಿ ಕೇಳಿದಾಗ, ಕಮಲಾಪುರದ ಹೆಂಗಸರು ಪರೀಕ್ಷೆಗೆ ಬರಲಿಲ್ಲವಂತೆ ಎಂದಿತ್ತು. ಬ್ರಹ್ಮಪುರದ ಚಹದಂಗಡಿಗೆ ಬರುವಷ್ಟರಲ್ಲಿ ಬರುವುದಿಲ್ಲವೆಂದು ಹೇಳಿ ಕಳಿಸಿದ್ದರಂತೆ ಎಂದಾಯಿತು. ಮೂರನೆಯ ದಿನ, ಇಲ್ಲಿಯ ಮಂದಿಗೆ ದುಡಿಯುವುದೇ ಬೇಡ, ಹೊರದೇಶದವರು ಬಂದು ಕೈಮುಗಿದು ಓಡಿದರು ಎಂದು ನನ್ನ ತಮ್ಮನೇ ನನಗೆ ಹೇಳಿದ. ಜೀವನಪೂರ್ತಿ ನಾನು ಇಂಥ ಕಥೆಗಳ ಬುಡ ಹುಡುಕುತ್ತ ಬಂದವನು. ಈ ಸಲ ಹುಡುಕುವ ಶ್ರಮವಿರಲಿಲ್ಲ. ಅದರ ಬುಡದಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಾನು ಅಲ್ಲಗಳೆಯಲು ಹೊರಟಿದ್ದ ಮಾತಿಗೆ ನಾನೇ ಹೊಸ ಪುರಾವೆ ಒದಗಿಸಿದ್ದೆ. ಮನೆಯಲ್ಲಿ ಶಿವಲಿಂಗ ಅಟ್ಟದಿಂದ ತಗಡಿನ ಟ್ರಂಕು ಇಳಿಸಿದ. ಭಾಗ್ಯಶ್ರೀ ತನ್ನ ಪುಸ್ತಕಗಳನ್ನು ಗೆಳತಿಗೆ ಕೊಡಲೆಂದು ಹಗ್ಗದಿಂದ ಕಟ್ಟಿ ಬಾಗಿಲ ಬಳಿ ಇಟ್ಟಳು.

ಆ ಕಟ್ಟನ್ನು ನೋಡಿದ ದಿನ ಪೇಟೆಗೆ ಹೋಗಿ ಒಂದು ಪಂಚಾಂಗ ಕೊಂಡೆ. ಅದನ್ನು ಬಗಲಲ್ಲಿ ಇಟ್ಟುಕೊಂಡು ಗುರುಬಾಯಿಯ ಅಂಗಳಕ್ಕೆ ಹೋದೆ. ಹೆಂಗಸರು ತೊಗರಿ ಹಸನು ಮಾಡುತ್ತಿದ್ದರು. ನನ್ನ ಬಗಲಲ್ಲಿದ್ದದ್ದು ಕಂಡು ಹಲೀಮಾಬೀ ಮೊರ ಕೆಳಗಿಟ್ಟಳು.

"ನೋಡ್ರಿ ಎಲ್ಲಾರು. ಕಾಕಾನ ಕೈಯಾಗ ಪಂಚಾಂಗ ಬಂದದ. ಇವತ್ತು ಸೂರ್ಯ ಎತ್ತಾಗ ಹುಟ್ಯಾನ?"

ನಗು ತಣ್ಣಗಾಗುವವರೆಗೆ ನಿಂತಿದ್ದೆ. ಆಮೇಲೆ ಕೇಳಿದೆ. ಕಂಪನಿಗೆ ನಾನು ಪತ್ರ ಬರೆಯುತ್ತೇನೆ. ತಪ್ಪು ನನ್ನದೆಂದು ಬರೆಯುತ್ತೇನೆ. ಆದರೆ ಅಷ್ಟೇ ಬರೆದರೆ ಸಾಲದು. ವರ್ಷದಲ್ಲಿ ಯಾವ ಯಾವ ದಿನ ನೀವು ಏನೇ ಆದರೂ ಕೆಲಸಕ್ಕೆ ಬರುವುದಿಲ್ಲ, ಖರೇ ಖರೇ ಹೇಳಿರಿ. ಒಂದು ದಿನವನ್ನೂ ಮುಚ್ಚಿಡಬೇಡಿರಿ. ಬರುತ್ತೇವೆಂದು ಹೇಳಿದ ದಿನ ಮಾತ್ರ ತಪ್ಪಬಾರದು.

ಮೊದಮೊದಲು ಅವರು ಸಂಕೋಚಪಟ್ಟರು. ಆಮೇಲೆ ಒಬ್ಬೊಬ್ಬರೂ ಬಾಯಿ ಬಿಟ್ಟರು. ಎಳ್ಳಮಾವಾಸ್ಯೆ ಎಲ್ಲರಿಗೂ, ಹಲೀಮಾಬೀಗೂ. ಅವಳು ಗುರುಬಾಯಿಯ ಹೊಲಕ್ಕೆ ಹೋಗದ ಅಮಾವಾಸ್ಯೆ ಇರಲಿಲ್ಲ. ಈದ್ ಹಬ್ಬಕ್ಕೆ ಎರಡು ದಿನ ಅವಳಿಗೆ ಬೇಕು, ಆ ದಿನ ಮಹಾದೇವಿಯೂ ಅವಳ ಮನೆಗೆ ಸುರಕುಂಬಾ ಪಾಯಸ ಕುಡಿಯಲು ಹೋಗಬೇಕು. ನಾಗಪಂಚಮಿಗೆ ತವರಿಗೆ ಹೋಗುವ ಹೊಸ ಸೊಸೆಯರಿಗೆ ಎಷ್ಟು ದಿನ ಬೇಕೆಂಬುದಕ್ಕೆ ಜಗಳವೇ ಆಯಿತು. ನಾಲ್ಕು ದಿನ ಎಂದಳು ಒಬ್ಬಳು. ಗುರುಬಾಯಿ, ನಿನ್ನ ತವರು ಏನು ದಿಲ್ಲಿಯಲ್ಲಿದೆಯೇ, ಎರಡು ಸಾಕು ಎಂದು ಕಡಿದು ಹಾಕಿದಳು. ಒಬ್ಬಳು ಎಂಟು ತಿಂಗಳು ತುಂಬಿದ ಬಸುರಿ. ಅದನ್ನೂ ಬರೆಯಿರೆಂದು ನಾಚುತ್ತ ಹೇಳಿದಳು. ಬರೆಯುತ್ತ ಹೋದಂತೆ ನನಗೆ ಆಶ್ಚರ್ಯವಾಯಿತು. ಪಟ್ಟಿ ಒಂದು ಹಾಳೆಯ ಅರ್ಧ ದಾಟಲಿಲ್ಲ. ವರ್ಷವೆಲ್ಲ ಹಬ್ಬ ಎಂದು ಲೋಕ ಹೇಳುತ್ತಿದ್ದದ್ದು ಇಷ್ಟಕ್ಕೇ.

ಪತ್ರವನ್ನು ಮೂರು ಸಲ ಹರಿದು ನಾಲ್ಕನೆಯ ಸಲ ಬರೆದೆ. ಆ ಗುರುವಾರ ಏನೆಂಬುದು ನನಗೆ ತಿಳಿದಿತ್ತು, ತಿಳಿಸದೆ ಇದ್ದದ್ದು ನನ್ನ ಹಟ, ಹೆಂಗಸರು ನಿಮಗಾಗಿ ಹೊಲದಲ್ಲಿ ಎಲೆ ಹಾಕಿ ಕಾಯ್ದಿದ್ದರು ಎಂಬುದು ಮೊದಲ ಭಾಗ. ಅವರು ಬಾರದ ದಿನಗಳ ಪಟ್ಟಿ ಎರಡನೆಯದು. ಉಳಿದ ಯಾವ ದಿನ ಬೇಕಾದರೂ ಬನ್ನಿ, ಹತ್ತು ಗಂಟೆಗೆ ಕುರ್ಚಿಗಳು ತುಂಬಿರುತ್ತವೆ ಎಂಬುದು ಕೊನೆಯದು. ಭಾಗ್ಯಶ್ರೀ ಅದನ್ನು ಮೊಬೈಲಿನಲ್ಲಿ ಅಕ್ಷರ ಅಕ್ಷರವಾಗಿ ಒತ್ತಿ, ಸಲಹೆಗಾರನಿಗಲ್ಲ, ನೇರವಾಗಿ ಇಂಗ್ರಿಡ್ ಬಾಯಿಯವರಿಗೆ ಕಳಿಸಿದಳು. ಸಂಕ್ರಮಣಕ್ಕೆ ಒಂಬತ್ತು ದಿನ ಉಳಿದಿದ್ದವು.

ಏಳು ದಿನ ಏನೂ ಬರಲಿಲ್ಲ. ತೊಗರಿಯ ರಾಶಿಗಳು ಮುಗಿಯುತ್ತಿದ್ದವು, ಗಾಳಿಯಲ್ಲಿ ಹೊಟ್ಟಿನ ಧೂಳು. ಮಹಾದೇವಿ ಪ್ರಯಾಣಕ್ಕೆಂದು ಕಟಕ ರೊಟ್ಟಿ ಬಡಿದು ಒಣಗಿಸಿಟ್ಟಳು. ನಾನು ಮೊಬೈಲಿನ ಕಡೆ ನೋಡುವುದನ್ನು ಮೊಮ್ಮಗಳು ನೋಡಬಾರದೆಂದು ಜಗಲಿಯ ಮೇಲೆ ಕೂತು ಹಳೆಯ ಕೈಪಿಡಿ ಓದುವವನಂತೆ ಇರುತ್ತಿದ್ದೆ. ಸಂಕ್ರಮಣದ ಎರಡು ದಿನ ಮುಂಚೆ, ಶಾಲೆಯ ಬಿಡುವಿನಲ್ಲಿ ಗೆಳತಿಯ ಜೊತೆ ಮನೆಗೆ ಬಂದ ಭಾಗ್ಯಶ್ರೀ ಮೊಬೈಲು ತೆಗೆದು ನೋಡಿ ಓಡಿ ಬಂದಳು. ಉತ್ತರ ಬಂದಿತ್ತು.

ಅದನ್ನು ನಾನೇ ಓದಿದೆ. ಆ ದಿನ ಮರಳಿ ಹೋಗುವಾಗ ಎರಡೂ ಬದಿಯ ಹೊಲಗಳಲ್ಲಿ ಸಾವಿರಾರು ಜನ ಕೂತು ಉಣ್ಣುವುದನ್ನು ಅವರು ಕಂಡಿದ್ದರು. ಇದೇನೆಂದು ಕೇಳಿದಾಗ ಸಲಹೆಗಾರ, ಊಟದ ಹೊತ್ತು ಮೇಡಂ ಎಂದಿದ್ದನಂತೆ. ಅವನ ವರದಿಯಲ್ಲಿ ಕಮಲಾಪುರದ ಹೆಸರಿನ ಮುಂದೆ, ಜನರ ಮೇಲೆ ಭರವಸೆಯಿಡುವಂತಿಲ್ಲ ಎಂದಿತ್ತು. ಉಳಿದ ಮೂರು ಊರಿನವರು, ನಮ್ಮಲ್ಲಿ ಜನ ಒಂದು ದಿನವೂ ತ‌ಪ್ಪಿಸುವುದಿಲ್ಲ ಎಂದು ಬರೆದುಕೊಟ್ಟಿದ್ದರಂತೆ. ಆ ಮಾತನ್ನು ನಾವು ಬೇರೆ ದೇಶಗಳಲ್ಲೂ ಬಹಳ ಸಲ ಕೇಳಿದ್ದೇವೆ, ನಂಬಿ ಕೆಟ್ಟಿದ್ದೇವೆ ಎಂದು ಆಕೆ ಬರೆದಿದ್ದರು. ಯಾವ ದಿನ ಜನ ಇರುವುದಿಲ್ಲವೆಂದು ಮೊದಲೇ ಹೇಳಿದ ಊರು ಇದೊಂದೇ. ಅದು ತಿಳಿದಿದ್ದರೆ ಹಿಂದಿನ ವಾರವೇ ಹೆಚ್ಚು ಕೆಲಸ ಮುಗಿಸಿಕೊಳ್ಳಬಹುದು. ಸಂಕ್ರಮಣದ ನಂತರದ ಬುಧವಾರ ಬರುತ್ತೇವೆ, ನಿಮ್ಮ ಪಟ್ಟಿಯಲ್ಲಿ ಆ ದಿನವಿಲ್ಲ ಎಂಬುದನ್ನು ನೋಡಿಕೊಂಡಿದ್ದೇವೆ.

ಹೊಲದಲ್ಲಿ ಹಾಕಿದ್ದ ಎಲೆಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಊಟ ಹಾಕುವವರೆಂಬ ಕಾರಣಕ್ಕೆ ಯಾವ ಕಂಪನಿಯೂ ಎಲ್ಲಿಗೂ ಬರುವುದಿಲ್ಲ. ಆ ಪತ್ರದ ಮೇಲೆ ನನಗೆ ನಂಬಿಕೆ ಬಂದದ್ದೂ ಅದರಿಂದಲೇ.

ಶಿವಲಿಂಗ ಮುಂಬೈಗೆ ಫೋನು ಮಾಡಿ ಎಂಟು ದಿನ ತಡೆಯಲು ಕೇಳಿದ. ಬುಧವಾರ ಒಂಬತ್ತೂವರೆಗೇ ಮೂವತ್ತೆಂಟು ಕುರ್ಚಿಗಳು ತುಂಬಿದವು. ಒಬ್ಬಳಿಗೆ ಜ್ವರ. ಇನ್ನೊಬ್ಬಳಿಗೆ ಹಿಂದಿನ ದಿನ ಹೆರಿಗೆಯಾಗಿತ್ತು, ಪಟ್ಟಿಯಲ್ಲಿ ಬರೆದದ್ದಕ್ಕಿಂತ ಮುಂಚೆ. ಮೇಜಿನ ಮೇಲೆ ಬಣ್ಣಬಣ್ಣದ ತಂತಿಗಳ ಗೋಜಲು ಸಿಂಬಿಗಳನ್ನು ಇಟ್ಟರು. ಹೆಂಗಸರು ಒಂದು ಕ್ಷಣ ಅವನ್ನು ನೋಡಿದರು, ಆಮೇಲೆ ಅಂಗೈಯಿಂದ ಸವರಿ ಮೊರದ ಮೇಲೆ ಬೇಳೆ ಹರಡಿದಂತೆ ಹರಡಿಕೊಂಡರು. ಎರಡೂ ಕೈ ಓಡತೊಡಗಿದವು. ಸ್ವಲ್ಪ ಹೊತ್ತಿಗೆ ಮಾತೂ ಶುರುವಾಯಿತು. ಯಾರದೋ ಮನೆಯ ಎಮ್ಮೆಯ ಸುದ್ದಿ. ಸಲಹೆಗಾರ ಸುಮ್ಮನಿರಿಸಲು ಹೋದಾಗ ಇಂಗ್ರಿಡ್ ಬಾಯಿಯವರು ಕೈ ಅಡ್ಡ ಹಿಡಿದರು. ಅವರು ಕೈಗಳನ್ನು ನೋಡುತ್ತಿದ್ದರು, ನಾನು ಗಿರಣಿಯಲ್ಲಿ ನಿಂತು ನೋಡುತ್ತಿದ್ದಂತೆಯೇ.

ಮೂವತ್ತೆಂಟರಲ್ಲಿ ಮೂವತ್ತೊಂದು ಮಂದಿ ತೇರ್ಗಡೆಯಾದರು. ಹಲೀಮಾಬೀ ಎಲ್ಲರಿಗಿಂತ ಮೊದಲು, ಮಹಾದೇವಿ ಆರನೆಯವಳು. ಗುರುಬಾಯಿ ಆಗಲಿಲ್ಲ. ಅವಳ ಕಣ್ಣಿಗೆ ಪೊರೆ ಬಂದಿತ್ತು, ಕೆಂಪಿಗೂ ಕಂದಿಗೂ ಭೇದ ಉಳಿದಿರಲಿಲ್ಲ. ಅವಳು ಎದ್ದು ಸೀರೆ ಕೊಡವಿಕೊಂಡು ನನ್ನ ಹತ್ತಿರ ಬಂದು, "ನನ್ನ ಜಾಗಾದಾಗ ಯಾರನ್ನರ ಕೂಡಸು ಮಿಸ್ತ್ರಿ, ಮಿಷಿನ್ ಮಾತ್ರ ಕೂಡಸಬ್ಯಾಡ," ಎಂದಳು. ಆ ಸಂಜೆ ಮನೆಯಲ್ಲಿ ಶಿವಲಿಂಗ ಟ್ರಂಕನ್ನು ಅಟ್ಟಕ್ಕೇರಿಸಿದ. ಪುಸ್ತಕದ ಕಟ್ಟಿನ ಗಂಟು ಬಿಗಿಯಾಗಿತ್ತು. ಭಾಗ್ಯಶ್ರೀಗೆ ಬಿಚ್ಚಲಾಗದೆ ನನ್ನ ಮುಂದೆ ತಂದಿಟ್ಟಳು. ಉಗುರು ಹಾಕಿ ಎಳೆ ಎಳೆಯಾಗಿ ಬಿಡಿಸಿಕೊಟ್ಟೆ. ಪ್ರಯಾಣಕ್ಕೆಂದು ಮಾಡಿದ ರೊಟ್ಟಿಯನ್ನು ವಾರವಿಡೀ ಮನೆಯಲ್ಲಿ ಕೂತು ಮುರಿದುಕೊಂಡು ತಿಂದೆವು. ಅಷ್ಟು ರುಚಿಯಾದ ಒಣರೊಟ್ಟಿ ನಾನು ಎಂದೂ ತಿಂದಿಲ್ಲ.

ಭಾಷಣಗಳಲ್ಲಿ ಹೇಳುವಂತೆ ಆ ಘಟಕದಿಂದ ನಮ್ಮ ಸೀಮೆಯೇನೂ ಬದಲಾಗಿಲ್ಲ. ಬಂದ ಕಂಪನಿ ಒಂದು ದಿನ ಹೋಗಲೂಬಹುದು. ಆ ಸಂಶಯವನ್ನು ನಾನು ಬಿಟ್ಟಿಲ್ಲ. ಆದರೆ ಮೊದಲು ಕಮಲಾಪುರದ ಹೆಂಗಸರು ಕಲಬುರಗಿಗೆ ಹೋಗುತ್ತಿದ್ದ ಬಸ್ಸಿನಲ್ಲಿ ಈಗ ಕಲಬುರಗಿಯ ಹುಡುಗಿಯರು ಕಮಲಾಪುರಕ್ಕೆ ಬರುತ್ತಾರೆ. ಇದು ಯಾರೋ ಹೇಳಿದ ಮಾತಲ್ಲ. ನಾನು ಅದೇ ಬಸ್ಸಿನಲ್ಲಿ ಕೂತಿದ್ದೆ.

ಹಿಂದಿನ ಸೀಟಿನ ತರುಣನ ಕಡೆಗೆ ತಿರುಗಿ ನಡೆದದ್ದನ್ನು ಹೇಳಿದೆ. ಅವನು ಮರ್ಯಾದೆಯಿಂದಲೇ ಕೊನೆಯವರೆಗೆ ಕೇಳಿದ.

"ಕೇಳಾಕ ಛಲೋ ಅದರೀ ಕಾಕಾ. ಆದ್ರ ನಾವು ಬರಂಗಿಲ್ಲ ಅಂತ ಪಟ್ಟಿ ಕಳಸಿದ್ರ ಯಾವ ಕಂಪನಿ ಬರ್ತದ್ರೀ? ಬಾಳಿಹಣ್ಣಿಂದೇ ಖರೇ ಇರಬೇಕು."

ಮೊದಲಿನ ನಾನಾಗಿದ್ದರೆ ಕಮಲಾಪುರ ಬರುವವರೆಗೆ ವಾದ ಮಾಡುತ್ತಿದ್ದೆ. ಅಂದು ಮಾಡಬೇಕೆನಿಸಲಿಲ್ಲ. ಮುಂದಿನ ಸೀಟಿನ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಳಿ, ನೀವು ಮಹಾದೇವಿ ಅಕ್ಕನ ಮಾವನೋರೇನ್ರಿ ಎಂದು ಕೇಳಿದಳು. ಹೌದೆಂದೆ. ಡಬ್ಬಿಯ ಮುಚ್ಚಳದಲ್ಲಿ ಸಜ್ಜೆಯ ರೊಟ್ಟಿಯ ಮೇಲೆ ಭಜ್ಜಿ ಹಾಕಿ ನನ್ನ ಕೈಗೆ ಕೊಟ್ಟಳು. ನಿನ್ನೆ ಕಂಪನಿಗೆ ಸೂಟಿಯಿತ್ತು, ಮನೆಮಂದಿಯೆಲ್ಲ ಶರಣಸಿರಸಗಿಯ ಹೊಲಕ್ಕೆ ಹೋಗಿದ್ದೆವೆಂದಳು. ಆಮೇಲೆ, ಸುಮ್ಮನೆ ಮಾತಿಗೆಂಬಂತೆ ಕೇಳಿದಳು:

"ಬರೋ ವರ್ಷ ಎಳ್ಳಮಾಸಿ ಯಾವ ವಾರ ಬರ್ತದ್ರಿ ಕಾಕಾ?"

ಪ್ರತಿವರ್ಷ ಪಟ್ಟಿ ಬರೆದು ಕಳಿಸುವವನು ಇಂದಿಗೂ ನಾನೇ. ಬಾಯಲ್ಲಿದ್ದ ತುತ್ತು ನುಂಗಿ, ಪಂಚಾಂಗ ನೋಡದೆ ಹೇಳಿದೆ.